ನೀಲಿ ಕಂಪನಿಯ ತುಂಬಿದ ಉಗ್ರಾಣ

ಅಂಗಳದಲ್ಲಿ ಬಂಗಡೆ ಮಗುಚಿ ಹಾಕುತ್ತಿದ್ದೆ. ಮೇ ತಿಂಗಳ ಕೊನೆಯ ವಾರ. ಮೂರು ಬಿಸಿಲು ಕಂಡ ಮೀನು, ಇನ್ನೊಂದು ಬಿಸಿಲು ಸಿಕ್ಕರೆ ಬುಟ್ಟಿಗೆ ತುಂಬಬಹುದಿತ್ತು. ಎಡಗೈಯಲ್ಲಿ ಕಾಗೆ ಓಡಿಸುವ ಕೋಲು, ಬಲಗೈ ಪೂರ್ತಿ ಉಪ್ಪು. ಹೊನ್ನಾವರದಿಂದ ಬಂದ ಬಸ್ಸು ಇಳಿದು ಹೊಳನಗದ್ದೆಯ ದಾರಿಯಲ್ಲಿ ನಡೆದು ಬಂದ ನನ್ನ ಅತ್ತೆ, ಬೇಲಿಯ ಆಚೆಯಿಂದಲೇ ಕೊಡೆ ಮಡಚುತ್ತ ಕೂಗಿದರು.

“ನಿಂಗೆ ಕೆಲ್ಸ ಬಂತು ನೋಡು. ಮೀನು ಬಿಡು, ಕೈ ತೊಳಿ.”

“ಎಂತ ಕೆಲ್ಸ ಅತ್ತೆ?”

“ನನ್ನ ಮಗಳು ಎಲ್ಲರೆದುರು ಹೇಳ್ಬಿಟ್ಟಳು. ದುಡ್ಡು ಬೋಟಿಗೆ ಹಾಕುದಿಲ್ಲ, ಅತ್ತಿಗೆ ಹೇಳಿದಲ್ಲಿ ಹಾಕ್ತೆ ಅಂತೆ. ಇನ್ನು ಅವಳ ಹಣೆಬರ ಬರಿಯೂದು ಬ್ರಹ್ಮ ಅಲ್ಲ, ನೀನು.”

ಅತ್ತೆಯ ಮಗಳೆಂದರೆ ನನ್ನ ನಾದಿನಿ. ಅವಳನ್ನು ಹೊನ್ನಾವರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಹಿಂದಿನ ವರ್ಷ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಬೋಟು ಮಗುಚಿ ಅವಳ ಗಂಡ ಹೋದರು. ದೇಹ ಸಿಕ್ಕಿತು, ಕ್ರಿಯೆ ಮಾಡಲು ಸಾಧ್ಯವಾಯಿತು. ಸಿಗದವರ ಮನೆಗಳನ್ನು ಕಂಡ ನಮಗೆ ಅದೂ ದೇವರ ಒಂದು ದಯೆ. ವಿಮೆ, ಪರಿಹಾರ ಎಲ್ಲ ಸೇರಿ ಹದಿನೈದು ಸಾವಿರ ರೂಪಾಯಿ, ಆ ಕಾಲಕ್ಕೆ ದೊಡ್ಡ ಮೊತ್ತ, ಅವಳ ಹೆಸರಿಗೆ ಬಂದಿತ್ತು. ಮಗಳಿಗೆ ನಾಲ್ಕು ವರ್ಷ. ದಿನದ ಗಂಜಿಗೆ ನಾದಿನಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಆದರೆ ಮಗು ಓದಿ ದೊಡ್ಡವಳಾಗುವ ತನಕ, ಹನ್ನೆರಡು ಹದಿನೈದು ವರ್ಷ, ಆ ಹಣವೊಂದೇ ಇಬ್ಬರ ಬೆನ್ನಿಗೆ ಇದ್ದದ್ದು. ಅವಳ ಭಾವ, ಅಂದರೆ ತೀರಿಕೊಂಡವರ ಅಣ್ಣ, ಕೆಟ್ಟ ಮನುಷ್ಯರಲ್ಲ. ಹೊಸ ಬೋಟಿನಲ್ಲಿ ಪಾಲು ಹಾಕು, ಕಣ್ಣೆದುರಿಗೆ ಇರುತ್ತದೆ ಎಂದಿದ್ದರು. “ಸಮುದ್ರಕ್ಕೆ ಒಂದ್ಸಲ ಕೊಟ್ಟಾತು,” ಎಂದಳಂತೆ ಇವಳು.

ನನ್ನ ಹೆಸರು ಅದರಲ್ಲಿ ಬಂದದ್ದಕ್ಕೆ ಕಾರಣ ನನ್ನ ಮೈದುನ. ಅವನು ಮುಂಬೈಯಲ್ಲಿ ಒಬ್ಬ ಶೇರು ದಲ್ಲಾಳಿಯ ಆಫೀಸಿನಲ್ಲಿ ಗುಮಾಸ್ತ. ಹಿಂದಿನ ಚೌತಿಗೆ ಬಂದಾಗ ಎರಡು ಕಂಪನಿಗಳ ವರ್ಷದ ವರದಿ ಪುಸ್ತಕ ತಂದಿದ್ದ. ಎರಡೂ ಒಂದಕ್ಕೊಂದು ಪೈಪೋಟಿಯ ಕಂಪನಿಗಳು, ಚಿಪ್ ಮಾಡುವವು. ಚಿಪ್ ಎಂದರೇನೆಂದು ಕೇಳಿದರೆ, ಕಾಗದದ ಪೊಟ್ಟಣ ಬಿಚ್ಚಿ, ಹೆಬ್ಬೆರಳಿನ ಉಗುರಿನಷ್ಟೇ ಇರುವ ಕಪ್ಪು ತುಂಡೊಂದನ್ನು ತೋರಿಸಿದ್ದ. ಎರಡೂ ಕಡೆ ಸಾಲಾಗಿ ತವರದ ಕಾಲು, ಕವುಚಿ ಬಿದ್ದ ಹುಳದ ಹಾಗೆ. ಗಡಿಯಾರ, ರೇಡಿಯೊ, ಟಿವಿ, ಕ್ಯಾಲ್ಕುಲೇಟರ್ ಎಲ್ಲದರ ಒಳಗೂ ಇದೇ ಇರುತ್ತದೆ, ಮುಂದೆ ಪ್ರಪಂಚ ನಡೆಯುವುದೇ ಇದರಿಂದ ಎಂದಿದ್ದ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಗಣಿತ ಎಂದರೆ ಇಷ್ಟ. ಪುಸ್ತಕ ತಿರುವಿ, “ಮಾರಾಟ ಇಷ್ಟು ಏರಿದ್ರೂ ರೂಪಾಯಿಗೆ ಉಳಿಯುದು ಕಮ್ಮಿ ಆಯ್ತಲ್ಲ, ಯಾಕೆ?” ಎಂದು ಕೇಳಿದೆ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಅತ್ತಿಗೆ ನಮ್ಮ ದಲ್ಲಾಳಿಗಿಂತ ಜೋರು ಎಂದು ನೆಂಟರ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ನಾನು ಬೇಡ ಎನ್ನಲಿಲ್ಲ, ಒಳಗೊಳಗೆ ಹಿಗ್ಗಿದೆ. ಆ ಹಿಗ್ಗೇ ಈಗ ಬಸ್ಸು ಹತ್ತಿ ಮನೆಗೆ ಬಂದಿತ್ತು.

ಮೈದುನನಿಗೆ ಪತ್ರ ಬರೆದೆ. ವಾರದಲ್ಲಿ ದಪ್ಪ ಲಕೋಟೆ ಬಂತು. ಎರಡೂ ಕಂಪನಿಗಳ ಐದೈದು ವರ್ಷದ ಪುಸ್ತಕಗಳು. ಜೊತೆಗೆ ಚೀಟಿ: “ಅತ್ತಿಗೆ, ಇಲ್ಲಿ ಈಗ ಚಹಾದಂಗಡಿಯವನೂ ಶೇರು ತೆಗೆದುಕೊಳ್ಳುತ್ತಿದ್ದಾನೆ. ತಂಗಿಯ ದುಡ್ಡು ಬಹಳ ವರ್ಷ ಇಡುವುದು. ಎರಡರಲ್ಲಿ ಯಾವುದು ಗಟ್ಟಿ ಎಂದು ನೀನೇ ಹೇಳು. ಜೂನ್ ಮುಗಿಯುವುದರೊಳಗೆ ಹೇಳು.” ಒಂದು ಕಂಪನಿಯ ಪುಸ್ತಕಗಳಿಗೆ ನೀಲಿ ಹೊದಿಕೆ, ಇನ್ನೊಂದಕ್ಕೆ ಹಳದಿ. ಅವುಗಳ ಹೆಸರು ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಆಗಲೂ ಯಾರೂ ಹೆಸರು ಹೇಳುತ್ತಿರಲಿಲ್ಲ, ನೀಲಿ ಕಂಪನಿ, ಹಳದಿ ಕಂಪನಿ ಎಂದೇ ಮಾತು.

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಗಂಜಿ ಮುಗಿಸಿ, ಅತ್ತೆ ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ ಕೂರುತ್ತಿದ್ದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಸ್ಕೇಲಿಟ್ಟು ಗೀಟು ಎಳೆದೆ. ಅಡ್ಡಕ್ಕೆ ಐದು ವರ್ಷ. ಉದ್ದಕ್ಕೆ ಮಾರಾಟ, ಖರ್ಚು, ಬಡ್ಡಿ, ಸವಕಳಿ, ತೆರಿಗೆ, ಉಳಿದ ಲಾಭ. ಮೊದಲ ನಾಲ್ಕು ದಿನ ಡಿಕ್ಷನರಿ ಹಿಡಿದು ಶಬ್ದ ಹುಡುಕುವುದೇ ಆಯಿತು. ಲಕ್ಷಗಳ ಲೆಕ್ಕ, ಸೊನ್ನೆ ನೋಡಿದರೆ ತಲೆ ತಿರುಗುತ್ತಿತ್ತು. ಕುಮಟಾದ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ಮಾಸ್ತರೊಬ್ಬರ ಮನೆಗೆ ನಾನು ಹೂವು ಕೊಡುತ್ತಿದ್ದೆ. ಅವರ ಹೆಂಡತಿಯ ಮೂಲಕ ಕೇಳಿಸಿ, ಎರಡು ಭಾನುವಾರ ಅವರ ಜಗಲಿಯಲ್ಲಿ ಕೂತೆ.

ಮಾಸ್ತರು ಎರಡು ದಾರಿ ಹೇಳಿಕೊಟ್ಟರು. ಒಂದು, ಎಲ್ಲವನ್ನೂ ನೂರಕ್ಕೆ ಇಳಿಸುವುದು. ಮೊದಲ ವರ್ಷದ ಮಾರಾಟವನ್ನು ನೂರು ಎಂದು ಹಿಡಿದರೆ ಉಳಿದ ವರ್ಷಗಳು ಎಷ್ಟಾಗುತ್ತವೆ, ನೂರು ರೂಪಾಯಿ ಮಾರಿದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ. ಇನ್ನೊಂದು, ಒಮ್ಮೆ ಮಾತ್ರ ಬಂದ ಹಣವನ್ನು ಲಾಭದಿಂದ ಕಳೆಯುವುದು. ಹಳದಿ ಕಂಪನಿ ಒಂದು ವರ್ಷ ಹಳೆಯ ಕಟ್ಟಡ ಮಾರಿತ್ತು, ಆ ವರ್ಷ ಲಾಭ ಉಬ್ಬಿತ್ತು. “ಇದನ್ನು ತೆಗೆಯಮ್ಮ, ಕಟ್ಟಡ ಪ್ರತಿ ವರ್ಷ ಮಾರಲು ಬರುವುದಿಲ್ಲ,” ಎಂದರು. ನನಗೆ ಅದು ತಟ್ಟನೆ ಹಿಡಿಯಿತು. ಬಲೆಗೆ ಒಂದು ದಿನ ಸಿಕ್ಕಿದ ರಾಶಿಯನ್ನು ನಂಬಿ ಯಾರೂ ವರ್ಷದ ಅಕ್ಕಿ ಲೆಕ್ಕ ಹಾಕುವುದಿಲ್ಲ.

ಜೂನ್ ಎರಡನೆಯ ವಾರಕ್ಕೆ ನನ್ನ ಹಾಳೆ ತಯಾರಾಯಿತು. ನೀಲಿಯ ಮಾರಾಟ ಐದು ವರ್ಷದಲ್ಲಿ ನೂರರಿಂದ ಮುನ್ನೂರಕ್ಕೆ ಹೋಗಿತ್ತು. ನೂರಕ್ಕೆ ಉಳಿಯುವುದು ಹನ್ನೊಂದರಿಂದ ಏಳಕ್ಕೆ ಇಳಿದಿದ್ದರೂ ಒಟ್ಟು ಲಾಭ ಹೆಚ್ಚುಕಡಿಮೆ ಎರಡು ಪಾಲಾಗಿತ್ತು. ಹಳದಿಯದು ನೂರರಿಂದ ನೂರಾ ಅರುವತ್ತು ಅಷ್ಟೇ. ಆದರೆ ನೂರಕ್ಕೆ ಒಂಬತ್ತು, ಒಂಬತ್ತು, ಎಂಟು, ಹತ್ತು, ಹತ್ತು. ಹೆಚ್ಚು ಹಾರಾಟವಿಲ್ಲ.

ಕೊನೆಯ ಸಾಲಿನಲ್ಲಿ ದಾಸ್ತಾನು ಬರೆದಿದ್ದೆ, ಅಂದರೆ ಮಾಡಿ ಮಾರದೆ ಉಗ್ರಾಣದಲ್ಲಿಟ್ಟ ಮಾಲು. ಹಳದಿಯ ಹತ್ತಿರ ಒಂದೂವರೆ ತಿಂಗಳ ಮಾರಾಟಕ್ಕೆ ಆಗುವಷ್ಟು. ನೀಲಿಯ ಹತ್ತಿರ ಏಳು ತಿಂಗಳಿಗೆ ಆಗುವಷ್ಟು. ಅದಕ್ಕೆ ಅವರು ವರದಿಯಲ್ಲಿ ಕಾರಣವನ್ನೂ ಕೊಟ್ಟಿದ್ದರು: ಮುಂದೆ ಬೇಡಿಕೆ ಬರುವುದನ್ನು ಎದುರುನೋಡಿ ಮೊದಲೇ ಮಾಲು ಮಾಡಿಟ್ಟಿದ್ದೇವೆ. ಆ ವಾಕ್ಯ ಓದಿ ನನಗೆ ಆ ಕಂಪನಿಯ ಮೇಲೆ ಅಕ್ಕರೆಯೇ ಹುಟ್ಟಿತು. ಮಳೆಗಾಲಕ್ಕೆ ಮುಂಚೆ ಅಟ್ಟ ತುಂಬಿಸಿಡುವ ಮನೆ ಅದು ಅನ್ನಿಸಿತು. ಹಳದಿಯವರದು ದಿನಾ ತಂದು ದಿನಾ ತಿನ್ನುವ ಸಂಸಾರ.

ಮಾಸ್ತರು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಕೇಳಿದರು, “ಇದು ಯಾಕೆ ಇಷ್ಟು?”

“ಮಳೆಗಾಲ ಬರುದಿಲ್ವಾ ಸರ್, ಇಟ್ಕೊಂಡಿರ್ಬೇಕಲ್ಲ,” ಎಂದೆ.

ಅವರು ನಕ್ಕರು. “ಅದೂ ಹೌದು. ನಮ್ಮನೆಯವಳೂ ನೂರಾರು ಹಪ್ಪಳ ಮಾಡಿಟ್ಟಿದ್ದಾಳೆ,” ಎಂದು ಹಾಳೆ ತಿರುಗಿಸಿದರು. ಅವರೂ ಈ ಕಡೆಯವರೇ. ಮೂರು ತಿಂಗಳು ಹೊರಗೆ ಕಾಲಿಡಲಾಗದ ಊರಿನಲ್ಲಿ ಹುಟ್ಟಿದವರಿಗೆ ತುಂಬಿದ ಉಗ್ರಾಣ ತಪ್ಪಾಗಿ ಕಾಣುವುದು ಹೇಗೆ?

ಮನೆದೇವರ ಮುಂದೆ ಹಾಳೆಯಿಟ್ಟು ಕೈ ಮುಗಿದು, ಮೈದುನನಿಗೆ ಬರೆದೆ: ನೀಲಿ ತೆಗೆದುಕೋ, ಪೂರ್ತಿ ಹಣಕ್ಕೆ. ಕುಮಟಾ ಪೇಟೆಗೆ ಹೋಗಿ ಪತ್ರವನ್ನು ಡಬ್ಬಿಗೆ ಹಾಕಿದೆ. ಭಾರ ಇಳಿಯಿತು ಎಂದುಕೊಂಡು ಬಂದು ಮೂರು ದಿನ ನೆಮ್ಮದಿಯಿಂದ ಉಂಡೆ.

ನಾಲ್ಕನೆಯ ದಿನ ತೆಂಗಿನಗುಂಡಿಯಲ್ಲಿ ನನ್ನ ತಮ್ಮನ ಮಗುವಿಗೆ ಹೆಸರಿಡುವುದಿತ್ತು. ಅದೇ ನನ್ನ ತವರು. ಬೋಟು ಮೇಲೆ ಎಳೆದಿಟ್ಟ ಕಾಲ, ನಮ್ಮ ಮನೆಯವರು, ಅಂದರೆ ನನ್ನ ಗಂಡ, ಮನೆಯಲ್ಲೇ ಕೂತು ಬಲೆ ಕಟ್ಟುತ್ತಿದ್ದರು. ಹೊರಡುವಾಗ ಅವರ ರೇಡಿಯೊ ನನ್ನ ಚೀಲಕ್ಕೆ ಹಾಕಿದರು. ಬೋಟಿನಲ್ಲಿ ಹವಾಮಾನ ಕೇಳುವ ರೇಡಿಯೊ ಅದು, ದನಿ ಸತ್ತು ತಿಂಗಳಾಗಿತ್ತು. “ಭಟ್ಕಳದಲ್ಲಿ ಸಾಹೇಬರ ಅಂಗಡಿಗೆ ಕೊಟ್ಟು ಹೋಗು. ಕಡಲಿಗೆ ಇಳಿಯೂದ್ರೊಳಗೆ ಮಾತಾಡ್ಬೇಕು ಅದು,” ಎಂದರು.

ಜೋರು ಮಳೆ. ಭಟ್ಕಳದ ಪೇಟೆಯಲ್ಲಿ ಆಗ ದುಬೈಯಿಂದ ಬಂದ ರೇಡಿಯೊ, ಗಡಿಯಾರಗಳ ಅಂಗಡಿಗಳು ಸಾಲಾಗಿ ಇದ್ದವು. ಅವುಗಳ ನಡುವೆ ಒಂದು ಸಣ್ಣ ರಿಪೇರಿ ಅಂಗಡಿ. ಸಾಹೇಬರು ರೇಡಿಯೊದ ಬೆನ್ನು ಬಿಚ್ಚಿ ನೋಡಿ, “ಕೂತ್ಕೊ ಅಕ್ಕಾ, ಈಗಲೇ ಆಗ್ತದೆ. ಚಿಪ್ ಹೋಗಿದೆ, ಬೇರೆ ಹಾಕ್ತೆ. ಎಂಟು ರೂಪಾಯಿ,” ಎಂದರು.

“ಎಂಟಾ? ಎರಡು ವರ್ಷದ ಹಿಂದೆ ಇದಕ್ಕೇ ಇಪ್ಪತ್ತೆರಡು ತಕೊಂಡಿದ್ರಿ ಸಾಹೇಬ್ರೆ!”

“ಕಮ್ಮಿ ಮಾಡಿದ್ರೂ ಜಗಳವಾ?” ಎಂದು ನಕ್ಕು, ಮೇಜಿನ ಕೆಳಗಿನಿಂದ ಒಂದು ರಟ್ಟಿನ ಡಬ್ಬಿ ಎಳೆದು ತೋರಿಸಿದರು. ಒಳಗೆ ಆ ಕಪ್ಪು ಹುಳಗಳು, ರಾಶಿ. “ಇದು ನೋಡು. ಮಳೆಗಾಲದಲ್ಲಿ ಮಾಲು ಬರುದಿಲ್ಲ, ಇರಲಿ ಅಂತ ಹದಿನೆಂಟರ ರೇಟಿಗೆ ಮುನ್ನೂರು ತಂದಿಟ್ಟೆ. ಮಳೆ ಬಿಡುದ್ರೊಳಗೆ ಹನ್ನೆರಡಾಯ್ತು. ಈಗ ಎಂಟಕ್ಕೂ ಯಾರಿಗೂ ಬೇಡ. ಹೊಸದು ಬಂದಿದೆ, ಇನ್ನೂ ಸಣ್ಣ, ಇನ್ನೂ ಅಗ್ಗ. ಮನೆಯವಳು ಕೇಳ್ತಾಳೆ, ಇದನ್ನ ಹುರಿದು ತಿನ್ನುದಾ ಅಂತ.”

ನಾನು ಕೇಳಿದೆ, “ಹಾಗೇ ಇಟ್ರೆ ಮತ್ತೆ ಏರುದಿಲ್ವಾ?”

“ಎಲ್ಲಿ ಏರ್ತದೆ ಅಕ್ಕಾ? ಇದಕ್ಕೆ ಉಪ್ಪು ಹಾಕಿ ಒಣಗಿಸಲಿಕ್ಕೆ ಆಗ್ತದಾ?”

ಸಾಹೇಬರು ತಮಾಷೆಗೆ ಹೇಳಿದ್ದು. ನಾನು ಡಬ್ಬಿಯಿಂದ ಒಂದು ಕಪ್ಪು ಹುಳ ಎತ್ತಿ ಅಂಗೈಯಲ್ಲಿಟ್ಟು ನೋಡಿದೆ. ಮೇ ತಿಂಗಳಲ್ಲಿ ಒಣಗಿಸಿಟ್ಟ ಬಂಗಡೆಗೆ ಜುಲೈಯಲ್ಲಿ ಎರಡು ಪಾಲು ಬೆಲೆ, ಅದು ನನ್ನ ಹುಟ್ಟಿನಿಂದ ಕಂಡ ಲೆಕ್ಕ. ಅದೇ ಲೆಕ್ಕದ ಕಣ್ಣಿನಿಂದ ನಾನು ನೀಲಿ ಕಂಪನಿಯ ಉಗ್ರಾಣ ನೋಡಿದ್ದೆ. ಅಲ್ಲಿ ಇದ್ದದ್ದು ಒಣಮೀನಲ್ಲ. ಮಂಜುಗಡ್ಡೆ ಇಲ್ಲದ ಹಸಿ ಮೀನು, ಏಳು ತಿಂಗಳದ್ದು.

ಚೀಲದಲ್ಲಿದ್ದ ಬಸ್ ಟಿಕೇಟಿನ ಹಿಂಬದಿಯಲ್ಲಿ ಅಲ್ಲೇ ಲೆಕ್ಕ ಹಾಕಿದೆ. ಮುನ್ನೂರರ ಮಾರಾಟದಲ್ಲಿ ಏಳು ತಿಂಗಳದ್ದೆಂದರೆ ನೂರಾ ಎಪ್ಪತ್ತೈದು. ಅದರ ಬೆಲೆ ಕಾಲು ಭಾಗ ಇಳಿದರೂ ನಲವತ್ತಮೂರು, ನಲವತ್ತನಾಲ್ಕು. ವರ್ಷದ ಲಾಭ ಇಪ್ಪತ್ತೊಂದು. ಎರಡು ವರ್ಷದ ಲಾಭ ಉಗ್ರಾಣದಲ್ಲೇ ಕೊಳೆತು ಹೋಗುತ್ತದೆ. ಹಳದಿಯವರು ಮಾಡಿದಷ್ಟನ್ನೇ ಮಾರುತ್ತಿದ್ದದ್ದು ದರಿದ್ರತನವಲ್ಲ, ಅವರಿಗೆ ತಮ್ಮ ಮಾಲು ಎಂಥದ್ದೆಂದು ಗೊತ್ತಿತ್ತು. ನೂರಕ್ಕೆ ಹತ್ತು ಉಳಿದದ್ದೂ ಅದಕ್ಕೇ. ಚೌತಿಯಲ್ಲಿ ನಾನೇ ಕೇಳಿದ್ದ ಪ್ರಶ್ನೆಗೆ ಉತ್ತರ ಸಾಹೇಬರ ಮೇಜಿನ ಕೆಳಗೆ ಇತ್ತು. ಆದರೆ ಪತ್ರ ಹಾಕಿ ಆಗಲೇ ನಾಲ್ಕು ದಿನವಾಗಿತ್ತು.

ರೇಡಿಯೊ ಅಲ್ಲೇ ಬಿಟ್ಟು ಅಂಚೆ ಕಚೇರಿಗೆ ಓಡಿದೆ. ಮುಂಬೈಗೆ ಟ್ರಂಕ್ ಕಾಲ್ ಬರೆಸಿ ಬೆಂಚಿನ ಮೇಲೆ ಕೂತೆ. ಸೆರಗಿನಿಂದ ನೀರು ಇಳಿದು ಕಾಲಡಿ ಹೊಂಡವಾಯಿತು. ಎರಡು ಗಂಟೆ ಕಳೆದ ಮೇಲೆ, ಎಲ್ಲೋ ಮರ ಬಿದ್ದು ತಂತಿ ಹರಿದಿದೆ, ಇವತ್ತು ಲೈನ್ ಸಿಗುವುದಿಲ್ಲ ಎಂದರು. ತಂತಿ ಸಂದೇಶ ಆದೀತೇ ಎಂದರೆ, ಕೊಟ್ಟು ಹೋಗಿ, ದಾರಿ ಸಿಕ್ಕ ಹಾಗೆ ಹೋಗುತ್ತದೆ ಎಂದರು. ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ನೀಲಿ ತೆಗೆದುಕೊಳ್ಳಬೇಡ, ಪತ್ರ ಬರುತ್ತದೆ, ಕಾದಿರು. ಗುಮಾಸ್ತರು ಶಬ್ದ ಎಣಿಸುತ್ತ ತಲೆಯೆತ್ತಿದರು.

“ಸೀರೆ ವ್ಯಾಪಾರವಾ ಅಮ್ಮಾ?”

“ಹೌದು,” ಎಂದೆ. ಇನ್ನೇನು ಹೇಳುವುದು?

ತೆಂಗಿನಗುಂಡಿ ಮುಟ್ಟುವಾಗ ತೊಟ್ಟಿಲು ತೂಗಿ ಆಗಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ಪುಣ್ಯಕ್ಕೆ ಅವ್ವ ನನ್ನನ್ನು ಕರೆದು, ಅದೊಂದು ಮಾತ್ರ ನನಗಾಗಿ ಬಾಕಿ ಇಟ್ಟಿದ್ದೇನೆಂದು ಮಗುವನ್ನು ಮಡಿಲಿಗೆ ಹಾಕಿದಳು. ಅದು ಆ ದಿನದ ದಯೆ. ಮಗು ನನ್ನ ಮುಖ ನೋಡಿ ನಕ್ಕಿತು. ನನಗೆ ಹೊನ್ನಾವರದ ಇನ್ನೊಂದು ಮಗುವಿನ ಮುಖ ಕಂಡಿತು, ತಲೆ ತಗ್ಗಿಸಿದೆ.

ಮನೆಗೆ ಮರಳಿದ ಎರಡನೆಯ ದಿನ ಮೈದುನನ ತಂತಿ ಬಂತು. ಅರ್ಧ ಕೊಂಡಾಗಿದೆ, ಅರ್ಧ ನಿಲ್ಲಿಸಿದ್ದೇನೆ. ಪತ್ರ ಕೈಸೇರಿದ ದಿನ ಮಾರುವವರು ಅಷ್ಟೇ ಸಿಕ್ಕಿದ್ದರಂತೆ. ಅರ್ಧ ಉಳಿಯಿತಲ್ಲ ಎಂದು ದೇವರಿಗೆ ತುಪ್ಪದ ದೀಪ ಇಟ್ಟೆ. ಹಿಂದೆಯೇ ಅವನ ಪತ್ರವೂ ಬಂತು. “ಅತ್ತಿಗೆ, ನಿನಗೆ ಏನಾಗಿದೆ? ಕೊಂಡ ವಾರದೊಳಗೆ ನೀಲಿ ನೂರಕ್ಕೆ ಹತ್ತು ಏರಿದೆ. ನಮ್ಮ ದಲ್ಲಾಳಿ ಸ್ವತಃ ತನಗಾಗಿ ಕೊಂಡಿದ್ದಾರೆ. ಈಗ ಮಾರುವವನು ಹುಚ್ಚ. ಉಳಿದ ಅರ್ಧಕ್ಕೂ ಹೂಂ ಎನ್ನು.”

ಇದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಬಿದ್ದಿದ್ದರೆ ತಪ್ಪೊಪ್ಪಿಕೊಂಡು ಅಳಬಹುದಿತ್ತು. ಏರುತ್ತಿರುವ ವಸ್ತುವನ್ನು ತಪ್ಪು ಎಂದು ಯಾರಿಗೆ ಹೇಳುವುದು? ಸುಮ್ಮನಿದ್ದರೆ ಎಲ್ಲರೂ ನನ್ನನ್ನು ಹೊಗಳುತ್ತಾರೆ. ಎರಡು ದಿನ ಹಾಳೆ ಮುಂದಿಟ್ಟುಕೊಂಡು, ಸಾಹೇಬರ ಡಬ್ಬಿ ಒಂದು ಸಣ್ಣ ಅಂಗಡಿಯದು, ದೊಡ್ಡ ಕಂಪನಿಗೆ ಅದು ಅನ್ವಯಿಸಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಮತ್ತೆ ಐದೂ ನೀಲಿ ಪುಸ್ತಕ ತೆಗೆದು ದಾಸ್ತಾನಿನ ಸಾಲನ್ನಷ್ಟೇ ಓದಿದೆ: ಎರಡು ತಿಂಗಳದ್ದು, ಮೂರು ತಿಂಗಳದ್ದು, ನಾಲ್ಕು, ಐದೂವರೆ, ಏಳು. ಪ್ರತಿ ವರ್ಷ ಒಳಗೆ ಹೋದದ್ದು ಹೊರಗೆ ಬಂದಿರಲಿಲ್ಲ. ಕೊನೆಯ ಪುಸ್ತಕದ ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದ ಟಿಪ್ಪಣಿಯೊಂದು ಮೊದಲ ಸಲ ಕಣ್ಣಿಗೆ ಬಿತ್ತು. ಆ ಮಾಲಿಗೆಲ್ಲ ಮಾಡಿದಾಗಿನ ಖರ್ಚಿನ ಬೆಲೆಯನ್ನೇ ಹಿಡಿದಿದ್ದರು. ಅಂದರೆ ಸಾಹೇಬರು ತಮ್ಮ ಡಬ್ಬಿಗೆ ಇನ್ನೂ ಹದಿನೆಂಟರ ರೇಟು ಬರೆದಿಟ್ಟ ಹಾಗೆ.

ಬೆಳಿಗ್ಗೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ನಾದಿನಿ ಆಗಷ್ಟೇ ಮಳೆಗಾಲದ ಹೊಳೆಮೀನು ಮಾರಿ ಪೇಟೆಯಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು. ಅವಳ ಭಾವ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದರು.

“ತಂಗಿ, ನಾನು ತಪ್ಪು ಮಾಡ್ದೆ,” ಎಂದೆ.

ಅವಳ ಕೈ ನಿಂತಿತು. “ಎಷ್ಟು ಹೋತು?”

“ಹೋಗ್ಲಿಲ್ಲ. ಏರಿದೆ.”

“ಏರಿದ್ರೆ ತಪ್ಪು ಹ್ಯಾಂಗೆ ಅತ್ತಿಗೆ?”

ಹೇಳಿದೆ. ಹಾಳೆ ಬಿಚ್ಚಲಿಲ್ಲ, ಅವಳ ಬುಟ್ಟಿ ತೋರಿಸಿ ಹೇಳಿದೆ. ಅವರ ಮಾಲು ಒಣಗಿಸಿಟ್ಟದ್ದು ಎಂದುಕೊಂಡೆ, ಅದು ಹಸಿಯದು. ಬುಟ್ಟಿ ತುಂಬಿದೆ ಅಂತ ಖುಷಿಪಟ್ಟೆ, ಅದು ಮಾರಾಟವಾಗದೆ ಉಳಿದದ್ದು. ಮಾಸ್ತರಿಗೆ ಹೊಳೆಯದ್ದು, ದಲ್ಲಾಳಿಗೆ ಬೇಡವಾದದ್ದು, ಮೀನು ಮಾರುವವಳಿಗೆ ಒಂದೇ ಮಾತಿಗೆ ತಿಳಿಯಿತು.

“ಹನ್ನೊಂದು ಗಂಟೆಗೂ ಖಾಲಿಯಾಗದ ಬುಟ್ಟಿ!” ಎಂದಳು. “ಮೇಲಿನ ನಾಕು ಮೀನು ಮಾತ್ರ ಮಿಂಚ್ತದೆ.”

ಜಗಲಿಯಿಂದ ಅವಳ ಭಾವ ಮಾತು ಎಸೆದರು. “ಏರೂ ಮಾಲು ಮಾರೂದು ಎಂತಾ ಬುದ್ಧಿ? ಬೋಟಿಗೆ ಹಾಕು ಅಂದ್ರೆ ಹೆದ್ರಿಕೆ, ಕಾಗದಕ್ಕೆ ಹಾಕಿದ್ರೂ ಹೆದ್ರಿಕೆ. ಹೆಂಗಸರ ಯಾಪಾರ!”

“ನೀವು ನಿನ್ನೆ ಮಧ್ಯಾಹ್ನದ ನಂತ್ರ ನನ್ನ ಬುಟ್ಟಿಯ ಮೀನು ತಿಂದ್ರಾ ಭಾವಾ?” ಎಂದು ನಾದಿನಿ ತಿರುಗಿ ಕೇಳಿದಳು. ಅವರು ತಿಂದಿರಲಿಲ್ಲ. ನಾರುತ್ತದೆಂದು ಬೆಕ್ಕಿಗೆ ಹಾಕಿದ್ದರು. ಅವರಿಗೂ ನಗು ಬಂತು, ಮುಖ ಬಲೆಗೆ ತಿರುಗಿಸಿದರು.

ಆಮೇಲೆ ಅವಳು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು, “ಅತ್ತಿಗೆ, ಅದು ಅಲ್ಲಿರೂವರೆಗೆ ನಿಂಗೆ ಊಟ ಸೇರ್ತದಾ?”

“ಇಲ್ಲ.”

“ಹಂಗಾರೆ ಮಾರು.”

ನಾನು ಅವಳಿಗೆ ಒಂದು ಮಾತು ಬಿಡಿಸಿ ಹೇಳಿದೆ. ಮಾರಿದ ಮೇಲೆ ಅದು ಇನ್ನೂ ಏರಬಹುದು, ಆಗ ನನ್ನ ಮೇಲೆ ನಿನಗೆ ಸಿಟ್ಟು ಬರಬಹುದು. “ಬಂದ್ರೆ ಚೌತಿಗೆ ಬಂದು ಬೈತೆ,” ಎಂದಳು. ನೀಲಿ ಮಾರಿ, ಅರ್ಧ ಹಣಕ್ಕೆ ಹಳದಿ, ಉಳಿದರ್ಧ ಅಂಚೆ ಕಚೇರಿಯ ಠೇವಣಿ ಎಂದು ಅಲ್ಲೇ ನಿರ್ಧಾರವಾಯಿತು. ಒಂದೇ ಕಡೆ ಪೂರ್ತಿ ಹಾಕು ಎಂದು ಮೊದಲ ಪತ್ರದಲ್ಲಿ ಬರೆಯುವಷ್ಟು ಧೈರ್ಯ ನನಗೆ ಎಲ್ಲಿಂದ ಬಂದಿತ್ತೋ, ಇವತ್ತಿಗೂ ಗೊತ್ತಿಲ್ಲ.

ಮಾರಿದ ಮೇಲೆ ಆರು ತಿಂಗಳು ನೀಲಿ ಏರಿತು. ಚೌತಿಗೆ ಬಂದ ಮೈದುನ ಊಟಕ್ಕೆ ಕೂತಾಗಲೆಲ್ಲ ಇವತ್ತು ಇಷ್ಟಾಗಿದೆ ಎಂದು ಹೇಳುತ್ತಿದ್ದ. ದೀಪಾವಳಿಯ ಹೊತ್ತಿಗೆ ನಾವು ಮಾರಿದ್ದರ ಎರಡು ಪಾಲಿಗೆ ಹತ್ತಿರ ಬಂದಿತ್ತು. ಅತ್ತೆಯಂತೂ ನೀಲಿ ಸೀರೆ ಉಟ್ಟವರು ದಾರಿಯಲ್ಲಿ ಹೋದರೂ, “ಅಕಾ ನೋಡು, ನಮ್ಮ ದುಡ್ಡು ಹೋಗ್ತಾ ಅದೆ,” ಎನ್ನುತ್ತಿದ್ದರು. ಹಳದಿ ಇದ್ದಲ್ಲೇ ಇತ್ತು. ನಾದಿನಿ ಬೈಯಲಿಲ್ಲ. ಆದರೆ ಕಂಪನಿಯ ಸುದ್ದಿ ಕೇಳುವುದನ್ನೂ ಬಿಟ್ಟಳು. ಅದು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು. ದಿನಾ ದೀಪ ಹಚ್ಚುವಾಗ, ನನ್ನ ಮಾತು ಸರಿಯಾಗಲಿ ಎಂದು ಬೇಡಿಕೊಳ್ಳುವುದು ಎಂದರೆ ಒಂದು ಕಂಪನಿ ಹಾಳಾಗಲಿ ಎಂದು ಬೇಡಿದಂತೆಯೇ ಅಲ್ಲವೇ ಎಂಬ ಯೋಚನೆ ಬಂದು, ಅದನ್ನು ಬೇಡುವುದನ್ನೇ ನಿಲ್ಲಿಸಿದೆ. ಮಗು ಚೆನ್ನಾಗಿರಲಿ ಎಂದಷ್ಟೇ ಹೇಳುತ್ತಿದ್ದೆ.

ಮುಂದಿನ ಮಳೆಗಾಲ, ಆಷಾಢ. ಒಲೆಯ ಮೇಲಿನ ಅಟ್ಟದಿಂದ ಒಣಮೀನಿನ ಬುಟ್ಟಿ ಇಳಿಸುತ್ತಿದ್ದಾಗ ಅಂಚೆಯವನು ಬಂದ. ನೀಲಿ ಹೊದಿಕೆಯ ಹೊಸ ಪುಸ್ತಕ, ಮೈದುನನ ಚೀಟಿ. ಕಂಪನಿ ಹಳೆಯ ದಾಸ್ತಾನನ್ನೆಲ್ಲ ಬೆಲೆ ಇಳಿಸಿ ಬರೆದಿತ್ತು. ಲಾಭ ಇರಬೇಕಾದಲ್ಲಿ ನಷ್ಟ. ಶೇರು ನಾವು ಕೊಂಡ ಬೆಲೆಯ ಮೂರರಲ್ಲೊಂದು ಪಾಲಿಗೆ ಬಿದ್ದಿತ್ತು. “ಅತ್ತಿಗೆ, ನಮ್ಮ ದಲ್ಲಾಳಿ ಎರಡು ದಿನದಿಂದ ಆಫೀಸಿಗೆ ಬಂದಿಲ್ಲ. ತಂಗಿಯ ದುಡ್ಡು ಉಳಿಯಿತು. ಅವಳಿಗೆ ನಾನೇ ಬರೆದಿದ್ದೇನೆ.”

ಅತ್ತೆಗೆ ಓದಿ ಹೇಳಿದೆ. ಅವರು ದೇವರ ಕೋಣೆಯ ಕಡೆ ಕೈ ಮುಗಿದು, “ಗೆದ್ದೆ ಮಗಳೆ,” ಎಂದರು. ಆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಮಗಳೆ ಎಂದದ್ದು ಅದೇ ಮೊದಲು. ಅದನ್ನೂ ದಯೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಗೆದ್ದೆ ಅನ್ನಿಸಲಿಲ್ಲ. ನಾವು ಮಾರಿದ ದಿನ ಅದನ್ನು ಯಾರೋ ಕೊಂಡಿದ್ದರಲ್ಲ. ಹಸಿ ಮೀನೆಂದು ಗೊತ್ತಿದ್ದೇ ಕೊಟ್ಟವಳು ನಾನು. ಅವರಿಗೂ ಯಾರೋ ಅತ್ತಿಗೆ ಲೆಕ್ಕ ಹಾಕಿ ಕೊಟ್ಟಿರಬಹುದು, ಅವರ ಮನೆಯಲ್ಲೂ ಒಂದು ಮಗುವಿರಬಹುದು. ಅವರ ಹೆಸರು, ಊರು ಒಂದೂ ನನಗೆ ಗೊತ್ತಿಲ್ಲ. ಸಂಜೆಯ ದೀಪಕ್ಕೆ ಅವರ ಪಾಲಿನದೆಂದು ಒಂದು ಬತ್ತಿ ಹೆಚ್ಚು ಹಾಕಬೇಕು ಎಂದುಕೊಂಡೆ.

ಪುಸ್ತಕ ಕಟ್ಟಿಟ್ಟು ಬುಟ್ಟಿಯ ಮುಚ್ಚಳ ತೆಗೆದೆ. ಆ ವರ್ಷದ ಮಳೆಗೆ ತಂಡಿ ಹಿಡಿದು ಅಡಿಯ ಬಂಗಡೆಗಳು ಮೆತ್ತಗಾಗಿದ್ದವು, ಒಂದೆರಡಕ್ಕೆ ಹುಳ ಬಿದ್ದಿತ್ತು. ಒಣಮೀನೂ ಹೀಗಾಗುತ್ತದೆ ಎಂಬುದನ್ನು ಹಿಂದಿನ ವರ್ಷ ಹಾಳೆ ಬರೆಯುವಾಗ ಮರೆತಿದ್ದೆ. ಮೊರದಲ್ಲಿ ಸುರಿದುಕೊಂಡು, ಒಲೆಯ ಬೆಚ್ಚಗೆ ಬೆನ್ನು ಕೊಟ್ಟು, ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಒಂದು ಕಡೆ ಆರಿಸುತ್ತ ಕೂತೆ.